ಆರಾಮ ತೋರಿಸುವ ಮುಳ್ಳು

ನಮ್ಮ ಧಾರವಾಡದ ಕಡೆ ಇಬ್ಬರು ಎದುರಾದರೆ ಮೊದಲು ಬರುವ ಮಾತು ‘ಆರಾಮ?’ ಎಂಬುದು. ಉತ್ತರವೂ ಅದೇ, ‘ಆರಾಮ.’ ಪ್ರಶ್ನೆಗೂ ಉತ್ತರಕ್ಕೂ ಒಂದೇ ಶಬ್ದ, ದನಿಯಷ್ಟೇ ಬೇರೆ. ಪುಣೆಗೆ ಬಂದ ಮೇಲೆ ನಾನು ಅತಿ ಹೆಚ್ಚು ಸಲ ಆಡಿದ ಕನ್ನಡ ಶಬ್ದ ಇದೇ ಇರಬೇಕು. ಪ್ರತಿ ಭಾನುವಾರ ಬೆಳಿಗ್ಗೆ ಅವ್ವನಿಗೆ ಫೋನು. ಆ ಕಡೆಯಿಂದ ‘ಆರಾಮ ಅದಿಯೇನಪಾ?’ ಈ ಕಡೆಯಿಂದ ‘ಆರಾಮ ಅದೀನಿ ಅವ್ವಾ, ನೀ ಹ್ಯಾಂಗದಿ?’ ಮತ್ತೆ ಆ ಕಡೆಯಿಂದ ‘ನನಗೇನಾಗೇತಿ, ಆರಾಮ.’ ಅಷ್ಟಾದರೆ ವಾರದ ಲೆಕ್ಕ ಮುಗಿಯಿತು. ಈ ಒಂದು ಶಬ್ದದ ಬಗ್ಗೆ ನನಗೆ ಅನುಮಾನ ಹುಟ್ಟಿಸಿದ್ದು ಯಾವ ಗ್ರಂಥವೂ ಅಲ್ಲ, ನನ್ನ ಹಳೆಯ ಕಾರಿನ ಪೆಟ್ರೋಲ್ ಮುಳ್ಳು.

ಕಾರು ಎಂದರೆ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಗಾಡಿ ಹೊರಬಂದಾಗಿನಿಂದ 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ತನಕ ನಮ್ಮಂಥ ಮಧ್ಯಮ ವರ್ಗದವರಿಗೆ ‘ಕಾರು’ ಅಂದರೆ ಅದೇ ಆಗಿತ್ತು. ನನ್ನದು 1994ರ ಮಾಡೆಲ್, ಕಾರ್ಬ್ಯುರೇಟರ್ ಗಾಡಿ. 2001ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. 28 ಲೀಟರಿನ ಟ್ಯಾಂಕು, ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ಮುಳ್ಳು. ಮೊದಲ ವರ್ಷ ಮುಳ್ಳು ಸರಿಯಾಗಿಯೇ ಇಳಿಯುತ್ತಿತ್ತು. 2002ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಸೋದರಮಾವನ ಹೊಲ ನೋಡಲೆಂದು ಬಂಡಿಜಾಡಿನಲ್ಲಿ ಗಾಡಿ ಇಳಿಸಿದೆ. ಹೊಟ್ಟೆಗೆ ಎಲ್ಲೋ ಒಂದು ಕಲ್ಲು ‘ದಡ್’ ಎಂದು ಬಡಿಯಿತು. ಇಳಿದು ಬಗ್ಗಿ ನೋಡಿದೆ. ಎಣ್ಣೆ ಸೋರುತ್ತಿರಲಿಲ್ಲ. ‘ಏನೂ ಆಗಿಲ್ಲ’ ಎಂದು ಎಲ್ಲರಿಗೂ ಹೇಳಿ ಮತ್ತೆ ಹತ್ತಿದೆ.

ಆಮೇಲೆ ಕೆಲವು ದಿನಕ್ಕೆ ಗಮನಿಸಿದೆ, ಮುಳ್ಳು ಕಾಲು ಟ್ಯಾಂಕಿಗೆ ಬಂದು ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಒಂದು ಸಲ ಕರ್ವೆ ರಸ್ತೆಯಲ್ಲಿ ಮುಳ್ಳು ಕಾಲು ತೋರಿಸುತ್ತಿದ್ದಾಗಲೇ ಗಾಡಿ ನಿಂತು, ಡಬ್ಬಿ ಹಿಡಿದು ಬಂಕಿಗೆ ನಡೆದೆ. ಕಲ್ಲಿಗೂ ಮುಳ್ಳಿಗೂ ಸಂಬಂಧವಿದೆ ಎಂದು ಹೊಳೆಯಲಿಲ್ಲ. ಮೀಟರ್ ಹಳೆಯದಾಯಿತು ಅಂದುಕೊಂಡೆ. ರಿಪೇರಿ ಮಾಡಿಸುವ ಬದಲು ಉಪಾಯ ಕಂಡುಕೊಂಡೆ. ಒಂದು ಸಣ್ಣ ಡೈರಿ ಇಟ್ಟು, ಪೆಟ್ರೋಲ್ ಹಾಕಿಸಿದಾಗೆಲ್ಲ ಲೀಟರು, ಕಿಲೋಮೀಟರು ಬರೆದುಕೊಳ್ಳಲು ಶುರು ಮಾಡಿದೆ. 20 ಲೀಟರ್ ಹಾಕಿಸಿದರೆ 250 ಕಿಲೋಮೀಟರಿಗೆ ಮತ್ತೆ ಬಂಕು. ನಾಲ್ಕು ವರ್ಷ ಹೀಗೆ ನಡೆಯಿತು, ಒಮ್ಮೆಯೂ ನಿಲ್ಲಲಿಲ್ಲ. ಹೆಂಡತಿ ‘ಆ ಮುಳ್ಳು ಸರಿ ಮಾಡಸ್ರಿ’ ಎಂದಾಗೆಲ್ಲ ನಾನು ‘ನನಗ ಗೊತ್ತೈತಿ, ಬಿಡು’ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಒಳಗೊಳಗೆ ಸ್ವಲ್ಪ ಜಂಬವೂ ಇತ್ತು. ಸುಳ್ಳು ಹೇಳುವ ಮುಳ್ಳನ್ನು ಓದಲು ಬಲ್ಲವನು ನಾನೊಬ್ಬನೇ ಎಂಬ ಜಂಬ.

ಇನ್ನು ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ. 2006ರ ಜುಲೈ. ಪುಣೆಯ ಮಳೆ. ನನಗೆ ನಾಲ್ಕು ದಿನದಿಂದ ಜ್ವರ, ಗಾಡಿ ಕೆಳಗೆ ನಿಂತಲ್ಲೇ ನಿಂತಿತ್ತು. ರಾತ್ರಿ ಒಂದರ ಸುಮಾರಿಗೆ ಬಾಗಿಲು ಬಡಿದ ಸದ್ದು. ಮೇಲಿನ ಮನೆಯ ಹುಡುಗ, ಬಾಗಲಕೋಟೆ ಕಡೆಯವನು, ನಮ್ಮ ಬಿಲ್ಡಿಂಗಿನಲ್ಲಿ ನಮ್ಮನ್ನು ಬಿಟ್ಟರೆ ಕನ್ನಡ ಮಾತಾಡುವವನು ಅವನೊಬ್ಬನೇ. ಊರಿಂದ ಅವನ ತಂದೆ ಬಂದಿದ್ದರು. ‘ಸರ್ರ, ಅಪ್ಪಗ ಎದಿ ಹಿಡದೈತ್ರಿ. ಗಾಡಿ ಕೊಡ್ತೀರೇನ್ರಿ?’

ನನಗೆ ಎದ್ದು ನಿಲ್ಲುವ ಶಕ್ತಿಯೂ ಇರಲಿಲ್ಲ. ಕೀಲಿ ಕೊಟ್ಟೆ. ‘ಬ್ರೇಕ್ ಸ್ವಲ್ಪ ಒತ್ತಿ ಹಾಕಬೇಕು, ವೈಪರ್ ಒಂದೇ ಸ್ಪೀಡಿನಾಗ ಓಡತೈತಿ’ ಎಂದೆ. ಮುಳ್ಳಿನ ಮಾತು ಹೇಳಲಿಲ್ಲ.

ವಾರಜೆ ದಾಟಿ ಸ್ವಲ್ಪ ದೂರಕ್ಕೆ ಗಾಡಿ ನಿಂತುಬಿಟ್ಟಿತು. ಮಳೆಯಲ್ಲಿ ಅವನು ತಳ್ಳಿದ. ಸ್ಟಾರ್ಟ್ ಮಾಡಿ ಮಾಡಿ ಬ್ಯಾಟರಿ ಇಳಿಸಿದ. ಇಂಜಿನ್ನಿನಲ್ಲಿ ನೀರು ಹೋಗಿದೆ ಅಂದುಕೊಂಡನಂತೆ, ಏಕೆಂದರೆ ಪೆಟ್ರೋಲ್ ಇತ್ತಲ್ಲ! ಕೊನೆಗೆ ಒಂದು ರಿಕ್ಷಾ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಮುಕ್ಕಾಲು ಗಂಟೆ ಕಳೆದುಹೋಗಿತ್ತು. ತಂದೆ ಉಳಿದರು. ಆದರೆ ಡಾಕ್ಟರು ‘ಇನ್ನೂ ಸ್ವಲ್ಪ ಮೊದಲು ಬಂದಿದ್ದರೆ’ ಎಂದು ಶುರು ಮಾಡಿ, ಹುಡುಗನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರಂತೆ. ಮಾರನೆಯ ದಿನ ಕೀಲಿ ಕೊಡಲು ಬಂದವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಹೇಳಿದ್ದು ಒಂದೇ ಮಾತು. ‘ಮುಳ್ಳು ಕಾಲು ತೋರಸ್ತಿತ್ರಿ ಸರ್ರ.’

ನಾನು ‘ಅಯ್ಯೋ, ಹೇಳೋದು ಮರತೆನಲ್ಲೋ’ ಎಂದೆ. ಜ್ವರದಲ್ಲಿದ್ದವನ ಮಾತು, ಅವನು ನಂಬಿದ. ಮರೆತದ್ದೇ ನಿಜವಾಗಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಬಾಗಿಲಲ್ಲಿ ಕೀಲಿ ಕೊಡುವಾಗ ಒಂದು ಕ್ಷಣ ನನಗೆ ಮುಳ್ಳು ನೆನಪಾಗಿತ್ತು. ಅಪ್ಪನಿಗೆ ಎದೆನೋವು ಎಂದು ಬಂದವನ ಮುಂದೆ ಪೆಟ್ರೋಲಿನ ಮಾತು ತೆಗೆದರೆ ದುಡ್ಡಿನ ಸೂಚನೆ ಕೊಟ್ಟ ಹಾಗಾಗುತ್ತದೆ ಎಂದು ಸಂಕೋಚವಾಯಿತು. ಜೊತೆಗೆ ನನ್ನ ಡೈರಿ ಇತ್ತಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 20 ಲೀಟರ್ ಹಾಕಿಸಿದ್ದು, ಓಡಿದ್ದು 210 ಕಿಲೋಮೀಟರು, ಅಂದರೆ ಐದು ಲೀಟರಾದರೂ ಇರಬೇಕು. ಆಸ್ಪತ್ರೆ ಎಂಟು ಕಿಲೋಮೀಟರು. ಧಾರಾಳ ಸಾಕು. ಸುಮ್ಮನಾದೆ.

ಲೆಕ್ಕ ಎಲ್ಲಿ ತಪ್ಪಿತು ಎಂಬುದು ಗ್ಯಾರೇಜಿನಲ್ಲಿ ತಿಳಿಯಿತು.

ನಮ್ಮ ಮೆಕ್ಯಾನಿಕ್ ಸಾತಾರಾ ಕಡೆಯ ಮರಾಠಿ ಮನುಷ್ಯ, ಎಲ್ಲರೂ ಉಸ್ತಾದ ಎಂದು ಕರೆಯುತ್ತಿದ್ದರು. ಗಾಡಿ ಎತ್ತಿ, ಅಡಿಗೆ ಹೋಗಿ, ಹೊರಗೆ ಬಂದು ಕೇಳಿದ. ‘ಸಾಹೇಬ್, ಗಾಡಿಯಲ್ಲಿ ಪೆಟ್ರೋಲ್ ವಾಸನೆ ಬರ್ತಿರಲಿಲ್ವೇ?’ ಬರುತ್ತಿತ್ತು. ಹಳೆಯ ಗಾಡಿ, ಇದ್ದದ್ದೇ ಅಂದುಕೊಂಡಿದ್ದೆ. ‘ಮೈಲೇಜ್ ಕಡಿಮೆ ಆಗಿರಲಿಲ್ವೇ?’ ಆಗಿತ್ತು. ಡೈರಿಯಲ್ಲೇ ಇತ್ತು, 16ರಿಂದ 14ಕ್ಕೆ ಇಳಿದದ್ದು. ಕಾರ್ಬ್ಯುರೇಟರ್ ಮೇಲೆ ಹಾಕಿ ಸುಮ್ಮನಿದ್ದೆ.

ಅವನು ತೋರಿಸಿದ. ಟ್ಯಾಂಕಿನ ತಳ ಒಂದು ಬೊಗಸೆಯಷ್ಟು ಒಳಕ್ಕೆ ತಗ್ಗಿತ್ತು. ಅದೇ ನಾಲ್ಕು ವರ್ಷದ ಹಿಂದಿನ ಕಲ್ಲು. ಕಲ್ಲು ಕೆರೆದಲ್ಲಿ ಮೇಲಿನ ಲೇಪ ಹೋಗಿ ಹೊರಗಿನಿಂದ ತುಕ್ಕು. ಪೆಟ್ರೋಲಿಗಿಂತ ನೀರು ಭಾರ, ಟ್ಯಾಂಕಿನಲ್ಲಿ ಸೇರಿದ ಚೂರುಪಾರು ನೀರು ತಳಕ್ಕೇ ಇಳಿದು ಕೂರುತ್ತದೆ, ಹಾಗಾಗಿ ಒಳಗಿನಿಂದಲೂ ತುಕ್ಕು. ಎರಡೂ ಕಡೆಯಿಂದ ತಿಂದು ತಿಂದು ಸೂಜಿಮೊನೆಯಂಥ ತೂತು. ನಾಲ್ಕು ದಿನ ನಿಂತ ಗಾಡಿಯಿಂದ ಹನಿ ಹನಿಯಾಗಿ ಸೋರಿದ ಪೆಟ್ರೋಲನ್ನು ಮಳೆ ತೊಳೆದುಕೊಂಡು ಹೋಗಿತ್ತು. ನೆಲದ ಮೇಲೆ ಕಲೆಯೂ ಇರಲಿಲ್ಲ.

ಮುಳ್ಳಿನ ಗುಟ್ಟೂ ಅಲ್ಲೇ ಇತ್ತು. ಟ್ಯಾಂಕಿನೊಳಗೆ ಒಂದು ತೇಲುವ ಬುರುಡೆ, ಅದಕ್ಕೊಂದು ತಂತಿಯ ತೋಳು. ಪೆಟ್ರೋಲ್ ಇಳಿದಂತೆ ಬುರುಡೆ ಇಳಿಯುತ್ತದೆ, ತೋಳಿನ ಇನ್ನೊಂದು ತುದಿ ಸುರುಳಿಯ ಮೇಲೆ ಸರಿಯುತ್ತದೆ, ವಿದ್ಯುತ್ತಿಗೆ ತಡೆ ಹೆಚ್ಚು ಕಡಿಮೆಯಾಗುತ್ತದೆ, ಅದನ್ನು ಮುಂದಿನ ಮುಳ್ಳು ತೋರಿಸುತ್ತದೆ. ನಮ್ಮ ಟ್ಯಾಂಕಿನಲ್ಲಿ ಬುರುಡೆ ಇಳಿಯುತ್ತ ಇಳಿಯುತ್ತ ಆ ತಗ್ಗಿನ ಉಬ್ಬಿನ ಮೇಲೆ ಕೂತುಬಿಡುತ್ತಿತ್ತು. ಕೆಳಗೆ ಪೆಟ್ರೋಲ್ ಇರಲಿ ಬಿಡಲಿ, ಅದಕ್ಕೆ ಕಾಲು ಟ್ಯಾಂಕೇ ತಳ.

ಉಸ್ತಾದ ಮೀಟರನ್ನೂ ಪರೀಕ್ಷೆ ಮಾಡಿದ. ಟ್ಯಾಂಕು ಬಿಚ್ಚಿ ದೂರ ಒಯ್ದಿಟ್ಟ ಮೇಲೆ, ಅದಕ್ಕೆ ಬರುವ ವಯರು ಬಿಡಿಯಾಗಿದ್ದಾಗ ಕೀಲಿ ತಿರುಗಿಸಿದ. ಮುಳ್ಳು ಖಾಲಿಯ ಹತ್ತಿರ ಹೋಯಿತು. ವಯರನ್ನು ಬಾಡಿಗೆ ಮುಟ್ಟಿಸಿದ. ಮುಳ್ಳು ಮೆಲ್ಲಗೆ ತುಂಬಿದ ಕಡೆ ಹೊರಟಿತು. ‘ಮೀಟರು ಪಾಪ ಸರಿಯಾಗೇ ಇದೆ. ಒಳಗಿಂದ ಏನು ಹೇಳಿದರೋ ಅದನ್ನೇ ಹೇಳ್ತಿದೆ’ ಎಂದ. ನಾಲ್ಕು ವರ್ಷ ನಾನು ಬೈದದ್ದು ನಿರಪರಾಧಿಯನ್ನು.

‘ಆ ತಂತಿ ಸ್ವಲ್ಪ ಬಗ್ಗಿಸಿದರೆ ಆಗೋದಿಲ್ವೇ?’ ಎಂದು ಕೇಳಿದೆ. ಖರ್ಚು ಉಳಿಸುವ ಚಪಲ. ಆಗುತ್ತದೆ, ಆದರೆ ಕೆಳಗೆ ಸರಿಯಾದರೆ ಮೇಲೆ ತಪ್ಪುತ್ತದೆ ಎಂದ. ತೂತಿಗೆ ಸೋಪು ಒತ್ತಿ ಮೇಲೆ ಎಂ-ಸೀಲ್ ಬಳಿಯುವ ರೂಢಿಯೂ ಇದೆ, ಬಂಕಿನಿಂದ ಮನೆಗೆ ಬರುವಷ್ಟಕ್ಕೆ ಅದು ಸರಿ ಎಂದ. ವೆಲ್ಡಿಂಗ್ ಮಾಡಿಸೋಣವೇ ಎಂದಾಗ ಮಾತ್ರ ಕೈ ಅಡ್ಡ ಮಾಡಿದ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯ. ಸ್ಫೋಟಿಸುವುದು ದ್ರವವಲ್ಲ, ಆವಿ. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಶೇಕಡಾ 1.4ರಿಂದ 7.6ರ ನಡುವೆ ಇದ್ದಾಗ ಒಂದು ಕಿಡಿ ಸಾಕು. ಪೆಟ್ರೋಲ್ ಇರುವ ಟ್ಯಾಂಕಿನಲ್ಲಿ ಆವಿ ಅದಕ್ಕಿಂತ ದಟ್ಟವಾಗಿರುತ್ತದೆ, ಹತ್ತಿಕೊಳ್ಳಲು ಗಾಳಿ ಸಾಲದು. ಬರಿದು ಮಾಡಿದ, ಆದರೆ ಚೆನ್ನಾಗಿ ತೊಳೆಯದ ಟ್ಯಾಂಕಿನಲ್ಲಿ ಎರಡೂ ಹದವಾಗಿ ಕೂಡಿರುತ್ತವೆ. ಉಸ್ತಾದನಿಗೆ ಅಂಕಿಗಳು ಬೇಕಿರಲಿಲ್ಲ. ‘ಖಾಲಿ ಕಂಡದ್ದು ಖಾಲಿ ಇರೋದಿಲ್ಲ ಸಾಹೇಬ್’ ಎಂದಷ್ಟೇ ಹೇಳಿದ.

ಕೊನೆಗೆ ಹೊಸ ಟ್ಯಾಂಕನ್ನೇ ಹಾಕಿಸುವುದೆಂದಾಯಿತು. ಜುನಾ ಬಜಾರಿನಲ್ಲಿ ಹಳೆಯದು ಅಗ್ಗಕ್ಕೆ ಸಿಗಬಹುದಿತ್ತು, ಆದರೆ ಇನ್ನೊಬ್ಬರ ಟ್ಯಾಂಕಿನ ತಳ ಯಾವ ಕಲ್ಲು ಕಂಡಿದೆಯೋ ಯಾರಿಗೆ ಗೊತ್ತು? ನಾನಾ ಪೇಠದ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಸುತ್ತಿ ಟ್ಯಾಂಕು, ಬುರುಡೆಯ ಸೆಟ್ಟು, ವಾಷರು, ರಬ್ಬರ್ ಪೈಪು, ಫಿಲ್ಟರು ತಂದೆವು. ಬ್ಯಾಟರಿಯ ವಯರು ಮೊದಲೇ ಬಿಚ್ಚಿ, ಉಳಿದ ಪೆಟ್ರೋಲನ್ನು ಬಯಲಿನಲ್ಲಿ ಕ್ಯಾನಿಗೆ ಇಳಿಸಿ, ಟ್ಯಾಂಕಿನ ಕೆಳಗೆ ಹಲಗೆ ಕೊಟ್ಟು ಜ್ಯಾಕಿನಿಂದ ಮೆಲ್ಲಗೆ ಇಳಿಸಿದ್ದ. ಹಳೆಯದನ್ನು ಎತ್ತಿ ಅಲುಗಾಡಿಸಿದರೆ ಒಳಗೆ ತುಕ್ಕಿನ ಚಕ್ಕೆಗಳು ಗೆಜ್ಜೆಯ ಹಾಗೆ ಸದ್ದು ಮಾಡಿದವು. ಹೊಸ ಬುರುಡೆಯನ್ನು ಟ್ಯಾಂಕಿಗೆ ಕೂರಿಸುವ ಮೊದಲು ವಯರು ಜೋಡಿಸಿ ಕೈಯಲ್ಲೇ ಮೇಲೆ ಕೆಳಗೆ ಆಡಿಸಿದ. ನನ್ನ ಹೆಂಡತಿ ಒಳಗೆ ಕೂತು ಓದಿ ಹೇಳುತ್ತಿದ್ದಳು. ‘ಖಾಲಿ… ಕಾಲು… ಅರ್ಧ… ತಡೀರಿ, ಇನ್ನೂ ಏರಾಕತ್ತೈತಿ.’

ಮುಳ್ಳು ಯಾಕೆ ಇಷ್ಟು ನಿಧಾನ ಎಂದು ಕೇಳಿದೆ. ಬೇಕಂತಲೇ ಹಾಗೆ ಮಾಡಿರುತ್ತಾರೆ ಎಂದ. ಒಳಗೆ ಎರಡು ಬೇರೆ ಲೋಹಗಳನ್ನು ಅಂಟಿಸಿದ ಪಟ್ಟಿ, ಅದು ಬಿಸಿಯಾಗಿ ಬಾಗಿದಷ್ಟೇ ಮುಳ್ಳು ಸರಿಯುತ್ತದೆ. ಹಾಗಿಲ್ಲದಿದ್ದರೆ ಗಾಡಿ ಪ್ರತಿ ಗುಂಡಿಗೆ ಹಾರಿದಾಗಲೂ ಪೆಟ್ರೋಲ್ ತುಳುಕಿ, ಮುಳ್ಳು ತಕಥೈ ಕುಣಿಯುತ್ತದೆ, ಅಂಥ ಮುಳ್ಳನ್ನು ಯಾರೂ ಓದಲಾರರು. ಇನ್ನೊಂದು ವಿಷಯವೂ ಹೇಳಿದ. ಮುಳ್ಳು ಖಾಲಿ ತೋರಿಸಿದ ಮೇಲೂ ಟ್ಯಾಂಕಿನಲ್ಲಿ ಸ್ವಲ್ಪ ಉಳಿದಿರುತ್ತದೆ, ಬಂಕು ಮುಟ್ಟಲಿ ಎಂದು. ಅಂದರೆ ಸರಿಯಾದ ಮುಳ್ಳೂ ಪೂರಾ ಸತ್ಯ ಹೇಳುವುದಿಲ್ಲ.

ಆ ದಿನ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ ನನ್ನ ತಲೆ ಬೇರೆಲ್ಲೋ ಓಡುತ್ತಿತ್ತು. ನಾನು ಆ ಹುಡುಗನಿಗೆ ಸುಳ್ಳು ಹೇಳಿದೆನೇ? ಬಾಯಿಂದ ಒಂದೂ ಸುಳ್ಳು ಹೊರಟಿರಲಿಲ್ಲ. ಬ್ರೇಕು, ವೈಪರು, ಹೇಳಿದ್ದೆಲ್ಲ ನಿಜ. ಆದರೆ ಅವನು ಕಾರಿನೊಳಗೆ ಕೂತಾಗ ಅವನ ಎದುರಿಗೆ ಒಂದು ಸುಳ್ಳು ಇತ್ತು, ಅದು ಸುಳ್ಳೆಂದು ಬಲ್ಲವನು ಜಗತ್ತಿನಲ್ಲಿ ನಾನೊಬ್ಬನೇ. ದ್ರೋಣರ ಎದುರು ಧರ್ಮರಾಯ ಅಶ್ವತ್ಥಾಮನ ಹೆಸರು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಮೆಲ್ಲಗೆ ಹೇಳಿದನಲ್ಲ, ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯುತ್ತಿದ್ದ ಅವನ ರಥ ನೆಲಕ್ಕೆ ಮುಟ್ಟಿತಂತೆ. ಚಿಕ್ಕಂದಿನಲ್ಲಿ ಈ ಕತೆ ಕೇಳಿದಾಗ, ಹೇಳಿದ ಪ್ರತಿ ಶಬ್ದವೂ ನಿಜವಾಗಿದ್ದಾಗ ರಥ ಯಾಕೆ ಇಳಿಯಬೇಕು ಎನ್ನಿಸಿತ್ತು. ಈಗ ತಿಳಿಯಿತು. ನಾವು ಏನು ಹೇಳಿದೆವು ಎಂಬುದು ಲೆಕ್ಕವಲ್ಲ. ಕೇಳಿದವನು ನಮ್ಮನ್ನು ನಂಬಿ ಯಾವ ಹಾದಿ ಹಿಡಿದ ಎಂಬುದು ಲೆಕ್ಕ.

ಹಾಗಾದರೆ ಎಲ್ಲರಿಗೂ ಎಲ್ಲವನ್ನೂ ಹೇಳುತ್ತಲೇ ಇರಬೇಕೇ? ಹಾಗೆಂದರೆ ಬದುಕು ನಡೆಯುವುದಿಲ್ಲ. ಇಲ್ಲಿ ಉಸ್ತಾದನ ಎರಡು ಮಾತುಗಳು ನನ್ನ ನೆರವಿಗೆ ಬಂದವು. ನಿಧಾನದ ಮುಳ್ಳು ಬೇರೆ, ಸಿಕ್ಕಿಬಿದ್ದ ಮುಳ್ಳು ಬೇರೆ. ಪ್ರತಿ ಗುಂಡಿಯ ಕುಲುಕಾಟವನ್ನು ತೋರಿಸದೆ ಮಟ್ಟವನ್ನಷ್ಟೇ ತೋರಿಸುವುದು ಸುಳ್ಳಲ್ಲ, ಅದು ಓದುವವನ ಮೇಲಿನ ಕರುಣೆ. ಆದರೆ ಮಟ್ಟ ಇಳಿದಾಗಲೂ ಅಲ್ಲೇ ನಿಲ್ಲುವುದು ಬೇರೆಯ ಮಾತು. ಎರಡನೆಯದು, ತಪ್ಪು ಯಾವ ಕಡೆಗೆ ವಾಲುತ್ತದೆ ಎಂಬುದು. ಇನ್ನೂ ಸ್ವಲ್ಪ ಇದ್ದಾಗಲೇ ಖಾಲಿ ಎನ್ನುವ ಮುಳ್ಳಿನಿಂದ ಹೆಚ್ಚೆಂದರೆ ಒಂದು ದಿನ ಮೊದಲೇ ಬಂಕಿಗೆ ಹೋಗುತ್ತೇವೆ. ಖಾಲಿಯಾದ ಮೇಲೂ ಇದೆ ಎನ್ನುವ ಮುಳ್ಳು ನಡುರಾತ್ರಿ ಮಳೆಯಲ್ಲಿ ನಿಲ್ಲಿಸುತ್ತದೆ. ಅದೂ ನನ್ನನ್ನಲ್ಲ, ನಂಬಿದವನನ್ನು.

ಇಷ್ಟು ಯೋಚಿಸುವಷ್ಟರಲ್ಲಿ ಭಾನುವಾರದ ಫೋನು ನೆನಪಾಗದೆ ಇರುತ್ತದೆಯೇ?

2003ರಲ್ಲಿ ನಾನಿದ್ದ ಕಾರ್ಖಾನೆ ಮುಚ್ಚಿ ಐದು ತಿಂಗಳು ಕೆಲಸವಿರಲಿಲ್ಲ. ಅವ್ವನಿಗೆ ಹೇಳಲಿಲ್ಲ. ಇಪ್ಪತ್ತು ಭಾನುವಾರ ‘ಆರಾಮ’ ಎಂದೆ. ಅಲ್ಲಿಂದ ಆಕೆ ಏನು ಮಾಡಲು ಸಾಧ್ಯ, ಸುಮ್ಮನೆ ಚಿಂತೆ ಮಾಡುತ್ತಾಳೆ ಎಂಬುದು ನನ್ನ ಸಮಾಧಾನ. ಪರ ಊರಲ್ಲಿರುವ ನಮ್ಮಂಥವರೆಲ್ಲರ ಸಮಾಧಾನವೂ ಇದೇ. ಮುಂಬೈಯಲ್ಲಿರಲಿ ಚೆನ್ನೈಯಲ್ಲಿರಲಿ, ಊರಿಗೆ ಫೋನು ಮಾಡುವಾಗ ನಾವು ಸಿಹಿಯನ್ನಷ್ಟೇ ಕಟ್ಟಿ ಕಳಿಸುತ್ತೇವೆ. ಪ್ರಿಯವಲ್ಲದ ಸತ್ಯ ಹೇಳಬಾರದು ಎಂಬ ಹಿರಿಯರ ಮಾತನ್ನು ಹಾಸಿ ಹೊದೆಯುತ್ತೇವೆ.

ಹೊಸ ಟ್ಯಾಂಕು ಹಾಕಿಸಿದ ಆ ವರ್ಷ ದಸರೆಗೆ ಅದೇ ಗಾಡಿಯಲ್ಲಿ ಊರಿಗೆ ಹೊರಟೆವು. ಖಂಬಾಟ್ಕಿ ಘಾಟ್, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ. ಬೆಳಗಾವಿ ಹತ್ತಿರ ಬರುವಾಗ ಮುಳ್ಳು ಕಾಲು ದಾಟಿ ಕೆಳಗಿಳಿಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ನೋಡಿದ ಆ ದೃಶ್ಯಕ್ಕೆ ಇಬ್ಬರೂ ನಕ್ಕೆವು. ಹೊಟ್ಟೆ ತುಂಬಿದ್ದಕ್ಕೆ ಖುಷಿಪಡುವವರಿದ್ದಾರೆ, ಖಾಲಿಯಾಗುತ್ತಿದೆ ಎಂದು ತಿಳಿದದ್ದಕ್ಕೆ ಖುಷಿಪಟ್ಟವರು ನಾವೇ ಇರಬೇಕು.

ಮನೆ ಮುಟ್ಟಿದಾಗ ಅವ್ವ ಕುಂಟುತ್ತ ಬಾಗಿಲಿಗೆ ಬಂದಳು. ಪಾದಕ್ಕೆ ಬಟ್ಟೆ ಸುತ್ತಿತ್ತು. ಸಕ್ಕರೆ ಕಾಯಿಲೆಯವಳ ಕಾಲಿನ ಹುಣ್ಣು, ಎರಡು ತಿಂಗಳಿಂದ ಮಾಗಿರಲಿಲ್ಲ. ಎರಡು ತಿಂಗಳು ಎಂದರೆ ಎಂಟು ಭಾನುವಾರ, ಎಂಟು ‘ಆರಾಮ.’ ನನಗೆ ಸಿಟ್ಟು ಬಂತು. ‘ಫೋನಿನಾಗ ಒಂದ ಮಾತು ಹೇಳಾಕ ಏನಾಗಿತ್ತು?’ ಎಂದೆ.

‘ನೀ ಅಲ್ಲಿಂದ ಏನ್ ಮಾಡಾಂವ ಇದ್ದಿ? ಸುಮ್ನ ಜೀವಕ್ಕ ತ್ರಾಸು’ ಎಂದಳು.

ಅಕ್ಷರಕ್ಕೆ ಅಕ್ಷರ ನನ್ನದೇ ಮಾತು! ನಾನು ಕೆಲಸ ಹೋದ ಕತೆ ಆಗ ಬಿಚ್ಚಿ ಹೇಳಿದೆ. ಆಕೆಗೆ ಆಶ್ಚರ್ಯವೇ ಆಗಲಿಲ್ಲ. ‘ನನಗ ಗೊತ್ತಿತ್ತು. ಆವಾಗ ನೀ ಐತವಾರ ಅಷ್ಟ ಅಲ್ಲ, ಬುಧವಾರ ಮಧ್ಯಾಹ್ನಾನೂ ಫೋನ್ ಮಾಡ್ತಿದ್ದಿ. ನೌಕರಿ ಇದ್ದಾಂವ ಬುಧವಾರ ಮಧ್ಯಾಹ್ನ ಯಾಕ ಫೋನ್ ಮಾಡ್ತಾನ?’

ಅಂದರೆ ಅವ್ವನೂ ಡೈರಿ ಇಟ್ಟಿದ್ದಳು. ಮುಳ್ಳನ್ನು ನಂಬದೆ ಕಿಲೋಮೀಟರಿನ ಲೆಕ್ಕದಲ್ಲಿ ನನ್ನನ್ನು ಓದುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ನಟಿಸುತ್ತ, ಒಬ್ಬೊಬ್ಬರೇ ಲೆಕ್ಕ ಹಾಕುತ್ತ ಕೂತಿದ್ದೆವು. ಆಕೆಯ ಲೆಕ್ಕ ಸರಿಯಾಗಿತ್ತು, ನನ್ನದು ತಪ್ಪಿತ್ತು. ಒಳಗಿನ ಸೋರಿಕೆ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಅವ್ವನ ವಾದವನ್ನು ಹಗುರವಾಗಿ ತಳ್ಳಿಹಾಕಲಾರೆ. ದೂರದಲ್ಲಿರುವವನಿಗೆ ಚಿಂತೆ ಕೊಡಬಾರದು ಎಂಬುದರಲ್ಲಿ ಪ್ರೀತಿಯಿದೆ. ಆದರೆ ಅದರಲ್ಲೊಂದು ಎಡವಟ್ಟೂ ಇದೆ. ಮನೆಯಲ್ಲೇ ಇರುವವರಿಗೆ ಮುಳ್ಳೇ ಬೇಡ. ಅವರು ವಾಸನೆ ಹಿಡಿಯುತ್ತಾರೆ, ಟ್ಯಾಂಕು ಅಲುಗಾಡಿಸಿ ಸದ್ದು ಕೇಳುತ್ತಾರೆ, ಕಡ್ಡಿ ಅದ್ದಿ ನೋಡುತ್ತಾರೆ. ಕುಂಟುವ ಕಾಲು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಾನೂರು ಚಿಲ್ಲರೆ ಕಿಲೋಮೀಟರ್ ದೂರ ಇರುವವನಿಗೆ ಇರುವುದು ಆ ಒಂದು ಮುಳ್ಳು ಮಾತ್ರ. ದೂರ ಹೆಚ್ಚಾದಷ್ಟೂ ‘ಹೇಳಿ ಪ್ರಯೋಜನವಿಲ್ಲ’ ಎನ್ನುತ್ತೇವೆ, ನಿಜವಾಗಿ ದೂರ ಹೆಚ್ಚಾದಷ್ಟೂ ಹೇಳಲೇಬೇಕು. ಏನೂ ಮಾಡಲಾಗದು ಎಂಬುದೂ ಅರ್ಧ ಸತ್ಯ. ವಾಸಿ ಮಾಡಲು ಆಗದಿರಬಹುದು. ಆದರೆ ಯಾವಾಗ ಹೊರಡಬೇಕು ಎಂದು ಲೆಕ್ಕ ಹಾಕಲು ಆಗುತ್ತದಲ್ಲ?

ಇದನ್ನೆಲ್ಲ ಅವ್ವನಿಗೆ ಹೀಗೆ ಹೇಳಲಿಲ್ಲ. ಟ್ಯಾಂಕಿನ ಕತೆ ಹೇಳಿದೆ, ಕಲ್ಲು, ತಗ್ಗು, ಬುರುಡೆ ಎಲ್ಲ. ಮೇಲಿನ ಮನೆಯ ಹುಡುಗನ ಅಪ್ಪನ ವಿಷಯವನ್ನೂ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ‘ಆ ಹುಡುಗಗ ಹೇಳಿದೆಯೇನು, ನೆನಪಿತ್ತು ಅಂತ?’ ಎಂದು ಕೇಳಿದಳು. ಇಲ್ಲ ಎಂದೆ. ‘ಮದಲ ಅದನ್ನ ಹೇಳು, ಆಮ್ಯಾಲೆ ನನಗ ಬುದ್ಧಿ ಹೇಳು’ ಎಂದಳು.

ಪುಣೆಗೆ ಮರಳಿದ ವಾರವೇ ಮೇಲೆ ಹೋಗಿ ಹೇಳಿದೆ. ಮರೆತಿರಲಿಲ್ಲ, ಸಂಕೋಚಪಟ್ಟೆ, ಲೆಕ್ಕ ನಂಬಿದೆ ಎಂದು. ಅವನು ‘ಬಿಡ್ರಿ ಸರ್ರ, ಆಗಿದ್ದು ಆತು’ ಎಂದು ಚಹಾ ಮಾಡಿಸಿದ. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುವುದನ್ನೂ ನಿಲ್ಲಿಸಲಿಲ್ಲ. ಆದರೆ ಆಮೇಲೆ ಅವನು ಆ ಮನೆಯಲ್ಲಿದ್ದ ಮೂರು ವರ್ಷದಲ್ಲಿ ಒಮ್ಮೆಯೂ ಗಾಡಿಯ ಕೀಲಿ ಕೇಳಲಿಲ್ಲ. ಮಗು ಹುಟ್ಟುವ ರಾತ್ರಿ ಕೂಡ ರಿಕ್ಷಾ ತರಿಸಿದ. ಮುಳ್ಳು ಸರಿಯಾಗಿದೆ ಎಂದು ಅವನಿಗೆ ಹೇಳಿದ್ದೆ. ಅವನು ನಂಬಿರಲೂಬಹುದು. ನಂಬಿಕೆ ಟ್ಯಾಂಕಿನ ಹಾಗಲ್ಲ, ನಾನಾ ಪೇಠಕ್ಕೆ ಹೋಗಿ ಹೊಸದು ತಂದು ಕೂರಿಸಲು.

2009ರಲ್ಲಿ ಆ ಗಾಡಿ ಮಾರಿದೆ. ಹದಿನೈದು ವರ್ಷ ತುಂಬುತ್ತ ಬಂದಿತ್ತು, ನೋಂದಣಿ ನವೀಕರಿಸಬೇಕಿತ್ತು. ಕೊಳ್ಳಲು ಬಂದವನಿಗೆ ಎಲ್ಲ ಹೇಳಿದೆ, ಹಳೆಯ ಟ್ಯಾಂಕು ತೂತಾಗಿ ಹೊಸದು ಹಾಕಿಸಿದ್ದನ್ನೂ. ಅವನು ‘ಓಹೋ, ಟ್ಯಾಂಕು ಬದಲಾಗಿದೆಯೇ? ಆಕ್ಸಿಡೆಂಟ್ ಆಗಿತ್ತೇ?’ ಎಂದು ಬೆಲೆ ಇಳಿಸಿದ. ಸತ್ಯಕ್ಕೆ ಬೆಲೆ ಇದೆ ಎನ್ನುತ್ತಾರೆ. ಇದೆ, ಅದನ್ನು ತೆರುವವರು ಹೇಳಿದವರೇ. ಇದನ್ನು ಮುಚ್ಚಿಟ್ಟು ಸತ್ಯ ಹೇಳಿದರೆ ಲಾಭ ಎಂದು ಬರೆದರೆ ಅದೂ ಕಾಲಿಗೆ ನಿಂತ ಮುಳ್ಳೇ ಆದೀತು.

ಈಗಿನ ಕಾರುಗಳು ಮುಳ್ಳಿನ ಜೊತೆಗೆ ಇನ್ನೆಷ್ಟು ಕಿಲೋಮೀಟರ್ ಹೋಗಬಹುದು ಎಂದು ಅಂಕಿಯಲ್ಲೇ ಹೇಳುತ್ತವೆ. ಊರಿಗೆ ಫೋನು ಮಾಡಿದರೆ ಮುಖವೇ ಕಾಣುತ್ತದೆ. ಆದರೂ ಒಳಗೆ ತೇಲುವ ಬುರುಡೆ ಬೇಕೇ ಬೇಕು, ಫೋನಿನಲ್ಲಿ ಕಾಣುವುದು ಮುಖವೇ ಹೊರತು ಪಾದವಲ್ಲ. ಇನ್ನೂ ಹಳೆಯ ಗಾಡಿ ಇಟ್ಟುಕೊಂಡ ಸ್ನೇಹಿತರಿಗೆ ಒಂದು ಮಾತು. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 20ಕ್ಕೆ ಬಂದಿದೆ, ಅದು ನೀರನ್ನು ಎಳೆದುಕೊಳ್ಳುವ ಗುಣದ್ದು. ಟ್ಯಾಂಕಿನ ತಳ, ರಬ್ಬರ್ ಪೈಪು ಒಮ್ಮೆ ನೋಡಿಸಿಕೊಳ್ಳಿ. ವಾಸನೆ ಬಂದರೆ ‘ಹಳೆಯದು, ಇದ್ದದ್ದೇ’ ಎನ್ನಬೇಡಿ.

ಅವ್ವನಿಗೂ ನನಗೂ ಆ ದಸರೆಯಲ್ಲಿ ಒಂದು ಒಪ್ಪಂದವಾಯಿತು. ಭಾನುವಾರದ ಫೋನಿನಲ್ಲಿ ‘ಆರಾಮ’ ಆದ ಮೇಲೆ ಒಬ್ಬರನ್ನೊಬ್ಬರು ಕೇಳುವುದು, ‘ಮುಳ್ಳು ಎಲ್ಲೈತಿ?’ ಮೊದಮೊದಲು ತಮಾಷೆಯಾಗಿತ್ತು. ‘ನಂದು ಅರ್ಧ ಐತಿ, ನಿಂದು?’ ಎಂದು ನಗುತ್ತಿದ್ದಳು. ಮೊಣಕಾಲು ನೋವು, ಬಾಗಿಲ ಚಿಲಕ ಕೆಟ್ಟದ್ದು, ನಾದಿನಿಯ ಮಾತು, ಇವೆಲ್ಲ ಗುಂಡಿಯ ಕುಲುಕಾಟ, ಹೇಳಿದರೂ ಸರಿ ಬಿಟ್ಟರೂ ಸರಿ. ಮಟ್ಟ ಮಾತ್ರ ಹೇಳಬೇಕು. ಕೆಲವು ವಾರ ನಾನು ‘ಅರ್ಧಕ್ಕಿಂತ ಕೆಳಗ ಐತಿ ಅವ್ವಾ’ ಎಂದೆ, ಆಕೆ ಏನೂ ಕೇಳದೆ ಸ್ವಲ್ಪ ಹೊತ್ತು ಫೋನು ಹಿಡಿದುಕೊಂಡೇ ಇದ್ದಳು. ದೂರದಿಂದ ಏನು ಮಾಡಲು ಸಾಧ್ಯ ಎಂಬುದಕ್ಕೆ ಅದೂ ಒಂದು ಉತ್ತರ.

2013ರ ಚಳಿಗಾಲದ ಒಂದು ಭಾನುವಾರ ನಾನು ಕೇಳುವ ಮೊದಲೇ ಹೇಳಿದಳು. ‘ಮುಳ್ಳು ಕಾಲಿಗೆ ಬಂದೈತಿ ನೋಡಪಾ. ಬರ್ತಿಯೇನು?’

ಆ ಮಧ್ಯಾಹ್ನವೇ ಹೊರಟೆ. ಹತ್ತೊಂಬತ್ತು ದಿನ ಜೊತೆಗಿದ್ದೆ.

ಈಗ ನನ್ನ ಮಗಳು ಹೈದರಾಬಾದಿನಲ್ಲಿದ್ದಾಳೆ. ‘ಆರಾಮ ಅದೀರೇನ್ ಪಪ್ಪಾ?’ ಎಂದು ಕೇಳುತ್ತಾಳೆ. ಇಷ್ಟೆಲ್ಲ ಬರೆದವನ ಬಾಯಲ್ಲೂ ಮೊದಲು ಬರುವುದು ‘ಆರಾಮ’ ಎಂಬುದೇ. ಆಮೇಲೆ ಒಂದು ಕ್ಷಣ ತಡೆದು, ಹೋದ ವಾರದ ಬಿಪಿ ಎಷ್ಟಿತ್ತು ಎಂದು ಹೇಳುತ್ತೇನೆ.